ಹಿಂದಿನ ಕೆಂಪು

ಹತ್ತಿಸದ ದೀಪಗಳೆಲ್ಲ ಒಂದೇ ಥರ ಕಾಣುತ್ತವೆ,
ಬೆಲೆ ಮಾತ್ರ ಬೇರೆ ಬೇರೆ.
ಚಿತ್ರದುರ್ಗದ ಸಂತೆಪೇಟೆ, ಬುಡೇನ್ ಸಾಬರ ಅಂಗಡಿ,
ನೇತುಬಿದ್ದ ಟೈರುಗಳ ಕೆಳಗೆ ತಲೆ ತಗ್ಗಿಸಿ ನಿಂತಿದ್ದೆ.

"ಎಲ್ಲಿಗೆ ಓಡ್ಸಾದು?"
"ಜೋಗಿಮಟ್ಟಿ ಕಡೀಕೆ. ಗಾಳಿಕಂಬದ ಕಾವಲು.
ರಾತ್ರಿ ಹತ್ತಕ್ಕೆ ಹತ್ತಿದ್ರೆ ಬೆಳಗ್ಗೆ ಆರಕ್ಕೆ ಇಳಿಯಾದು."
ಕನ್ನಡಕ ಹಣೆಗೇರಿಸಿದರು,
ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ವಿಚಾರಿಸುವವರಂತೆ:
"ದಾರಿ ನಿಮಗೆ ಕಾಣ್ಬೇಕೋ,
ದಾರೀಲಿರೋರಿಗೆ ನೀವು ಕಾಣ್ಬೇಕೋ?"

ಜೇಬಲ್ಲಿ ಮುನ್ನೂರು ರೂಪಾಯಿ ಇತ್ತು.
ಉತ್ತರ ಇರಲಿಲ್ಲ.

ಡೈನಮೋ ಬೇಡವೆಂದೆ. ಅದರ ಸಹವಾಸ ಹನ್ನೊಂದು ವರ್ಷದ್ದು.
ಕೆಚ್ಚಲಿಗೆ ಮೂತಿ ಗುದ್ದುವ ಕರುವಿನಂತೆ ಟೈರಿಗೆ ಒತ್ತಿಕೊಂಡು
ತುಳಿದಷ್ಟೇ ಬೆಳಕು ಹೀರುತ್ತದೆ.
ಇಳಿಜಾರಿನಲ್ಲಿ ಸಾಹುಕಾರ, ಏರಿನಲ್ಲಿ ಭಿಕಾರಿ,
ನಿಂತರೆ ಏನೂ ಇಲ್ಲ.
ಹೋದ ಕಾರ್ತಿಕದಲ್ಲಿ ತಿರುವಿನಾಚೆ ಕರಡಿ ಉಸಿರಾಡಿತು.
ನಾನು ನಿಂತೆ. ದೀಪವೂ ನಿಂತಿತು.
ಕರಡಿ ಇದೆಯೋ ಹೋಯಿತೋ ತಿಳಿಯಬೇಕೆಂದರೆ
ಅದರ ಕಡೆಗೇ ತುಳಿಯಬೇಕು.
ಕೊನೆಗೆ ಒಂದು ಕೈಲಿ ಹಿಂದಿನ ಚಕ್ರ ಎತ್ತಿ
ಇನ್ನೊಂದು ಕೈಲಿ ಪೆಡಲು ತಿರುವಿದೆ, ಗಂಟಲಲ್ಲಿ ಜೀವ ಇಟ್ಟುಕೊಂಡು.
ಬೆಳಕು ಮುಗ್ಗರಿಸಿ ನೆಲಕ್ಕೆ ಬಿತ್ತು:
ಅರ್ಧ ತಿಂದ ಸೀತಾಫಲ,
ಇನ್ನೂ ಒದ್ದೆ.

ಸಾಬರು ನಕ್ಕರು. ಷಟರು ಅರ್ಧ ಇಳಿಸಿ
ಹಗಲನ್ನು ಹೊರಗೆ ನಿಲ್ಲಿಸಿ
ಒಂದೊಂದೇ ಹತ್ತಿಸಿ ಗೋಡೆಗೆ ಹಿಡಿದರು.
ದೊಡ್ಡದೊಂದು ಪೊಲೀಸ್ ಜೀಪಿನಂತೆ ಗುರಾಯಿಸಿತು.
ಫರ್ಲಾಂಗು ದೂರ ಬಯಲು ಮಾಡುತ್ತದಂತೆ.
ಇರಬಹುದು. ಪಕ್ಕದ ಕತ್ತಲು ಇನ್ನೂ ದಟ್ಟವಾಗುತ್ತದೆ,
ಹಾವು ಬರುವುದು ಪಕ್ಕದಿಂದ.
ಎದುರು ಬರುವ ಹಾಲಿನವನ ಕಣ್ಣಿಗೆ ಸುಣ್ಣ ಎರಚಿದ ಪಾಪ ಬೇರೆ.
ಪುಟ್ಟದೊಂದಿತ್ತು, ಫೋನಿನ ವೈರಿಗೇ ಚಾರ್ಜ್ ಆಗುವುದು;
ಚಳ್ಳಕೆರೆ ಕಂಬಳಿ ಹಾಸಿದಷ್ಟಗಲ ಬೆಳಕು, ಅಂಚು ಮೆತ್ತಗೆ.
ಇನ್ನೂರ ಎಂಬತ್ತು.
ಸಾಕೆಂದೆ. ಇಪ್ಪತ್ತು ಉಳಿಯಿತು, ಬೀಡಿಗೆ.

ಆಗ ಗಲ್ಲಾಪೆಟ್ಟಿಗೆಯ ಮೂಲೆಯಿಂದ
ಬೋರೆಹಣ್ಣಿನಷ್ಟು ಕೆಂಪನೆಯದೊಂದು ತೆಗೆದಿಟ್ಟರು.
"ಇದು ಹಿಂದಕ್ಕೆ."
"ಹಿಂದೆ ನಂಗೇನು ಕೆಲಸ?"
ಅಂದುಬಿಟ್ಟು, ಪಾಲಯ್ಯನ ನೆನಪಾಗಿ ಸುಮ್ಮನಾದೆ.

ಪಾಲಯ್ಯನ ಸೈಕಲ್ಲಿಗೆ ಮುಂದೆ ಒಳ್ಳೇ ದೀಪವಿತ್ತು.
ಹೊಳಲ್ಕೆರೆ ರಸ್ತೆಯಲ್ಲಿ ಅವನಿಗೆ ಎಲ್ಲವೂ ಕಾಣುತ್ತಿತ್ತು,
ಗುಂಡಿ, ಕಲ್ಲು, ಬಿದ್ದ ಜಾಲಿಮುಳ್ಳು.
ಲಾರಿ ಹಿಂದಿನಿಂದ ಬಂತು.
ಈಗ ಕಾಲಿಗೆ ರಾಡು, ಜಗಲಿಯೇ ಲೋಕ.
ನೋಡಲು ಹೋದರೆ ನೋವಿನ ಮಾತಿಲ್ಲ, ಅದೊಂದೇ ಅಚ್ಚರಿ:
"ಡ್ರೈವರಿಗೆ ನಾನು ಕಾಣ್ಲೇ ಇಲ್ವಂತೆ ಕಣೋ.
ಆರಡಿ ಆಳು ನಾನು!"

ಕೆಂಪಿಗೆ ತೊಂಬತ್ತು. ಎಪ್ಪತ್ತು ಬಾಕಿ ಬರೆಸಿದೆ.

ಆ ರಾತ್ರಿ ಬೆಟ್ಟ ಹತ್ತುವಾಗ ತಲೆಯೆತ್ತಿ ನೋಡಿದೆ.
ಎಷ್ಟು ವರ್ಷ ನೋಡಿದ್ದೋ, ನೋಡಿರಲಿಲ್ಲ:
ಮನೆಯುದ್ದದ ರೆಕ್ಕೆ ಬೀಸುವ ಆ ದೈತ್ಯನ ನೆತ್ತಿಯಲ್ಲೂ
ಒಂದು ಕೆಂಪು ಚುಕ್ಕೆ,
ಹತ್ತಿ ಆರಿ, ಹತ್ತಿ ಆರಿ,
ಇಲ್ಲಿದ್ದೀನಿ, ಗುದ್ದಬೇಡಿ ಎಂದು ವಿಮಾನಗಳಿಗೆ.
ಅಷ್ಟೆತ್ತರದವನಿಗೂ ಅನುಮಾನ.

ಕಾವಲು ಕೋಣೆಯ ಪ್ಲಗ್ಗಿಗೆ ದೀಪ ಸಿಕ್ಕಿಸಿ ಕೂತೆ.
ಹೊರಗೆ ಗಾಳಿ. ಅದರಲ್ಲಿ ಹಿಡಿಯಷ್ಟು
ನಾಳಿನ ನನ್ನ ದಾರಿಗೆ ತುಂಬುತ್ತಿರಬಹುದು, ಗೊತ್ತಿಲ್ಲ;
ಕರೆಂಟಿನ ಮೇಲೆ ಊರ ಹೆಸರು ಬರೆದಿರುವುದಿಲ್ಲ.

ಬೆಳಗ್ಗೆ ಇಳಿದು ಟೀ ಅಂಗಡಿ ಮುಂದೆ ಸೈಕಲ್ಲು ನಿಲ್ಲಿಸಿದಾಗ
ಲೋಟ ತೊಳೆಯುವ ಹುಡುಗ ಕೂಗಿದ:
"ಮಾವಾ, ನಿನ್ ಹಿಂದೆ ಹತ್ಕಂಡೇ ಐತೆ!"
ಬಿಸಿಲು ಬಂದಿತ್ತು. ಆರಿಸಲು ಬಗ್ಗಿದವನು
ತಡೆದು ಕೇಳಿದೆ:
"ಕಾಣ್ತೈತಾ?"
"ಓ, ಆ ತಿರುವಿಂದ್ಲೇ."